ವಲಸಿಗರ ವಿರೋಧಿ ಪಕ್ಷದಿಂದ ಗೆದ್ದ ಆನ್ಸನ್ ಬರ್ಲಿಂಗೇಮ್ ವಲಸೆಯ ಹಕ್ಕಿಗೆ ಸಹಿ ಹಾಕಿದ್ದು ಹೇಗೆ?

ನಕ್ಷೆಪ್ರಿಯ
ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಬಂದಿಳಿದವರಿಗೆ ಬರ್ಲಿಂಗೇಮ್ ಊರಿನ ಹೆಸರು ಗೊತ್ತಿರುತ್ತದೆ. ಪಕ್ಕದಲ್ಲೇ ಇದೆ, ಹೋಟೆಲುಗಳು ಜಾಸ್ತಿ. ಇಲ್ಲಿರುವ ನಮ್ಮವರು ಅಲ್ಲಿಂದ ಎಷ್ಟೋ ಜನರನ್ನು ಕರೆತಂದಿರುತ್ತಾರೆ. ಆ ಹೆಸರಿನ ಮನುಷ್ಯನ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ದೊಡ್ಡದಾಗುತ್ತಿದೆ.

ಆನ್ಸನ್ ಬರ್ಲಿಂಗೇಮ್ ಹುಟ್ಟಿದ್ದು 1820ರಲ್ಲಿ, ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್‌ನಲ್ಲಿ. ಬೆಳೆದದ್ದು ಒಹಾಯೋ ಮತ್ತು ಮಿಷಿಗನ್ ಕಡೆ. 1846ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಮುಗಿಸಿ ಬಾಸ್ಟನ್‌ನಲ್ಲಿ ವಕೀಲಿಕೆ ಶುರು ಮಾಡಿದರು. ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟ್‌ಗೆ ಹೋದರು. 1855ರಿಂದ 1861ರವರೆಗೆ ವಾಷಿಂಗ್ಟನ್‌ನ ಪ್ರತಿನಿಧಿ ಸಭೆಯಲ್ಲಿದ್ದರು. ಆಮೇಲೆ ಲಿಂಕನ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದರು. ಆರು ವರ್ಷ ಆದ ಮೇಲೆ ಅದೇ ಚೀನಾ ಸರ್ಕಾರ ಅವರನ್ನು ತನ್ನ ದೂತನನ್ನಾಗಿ ಮಾಡಿ ಅಮೆರಿಕಕ್ಕೂ ಯುರೋಪಿಗೂ ಕಳಿಸಿತು. 1868ರ ಜುಲೈ 28ರಂದು ವಾಷಿಂಗ್ಟನ್‌ನಲ್ಲಿ ಒಪ್ಪಂದ ಆಯಿತು. ಊರು ಬಿಟ್ಟು ಊರಿಗೆ ಹೋಗುವುದು, ಒಂದು ದೇಶದ ನಿಷ್ಠೆ ಬಿಟ್ಟು ಇನ್ನೊಂದಕ್ಕೆ ಸೇರುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ಹಕ್ಕು ಎಂದು ಎರಡೂ ಸರ್ಕಾರಗಳು ಅದರಲ್ಲಿ ಒಪ್ಪಿದವು.

ಈಗ ನನ್ನ ಪ್ರಶ್ನೆ. 1854ರಲ್ಲಿ ಇವರು ಮೊದಲು ಕಾಂಗ್ರೆಸ್ಸಿಗೆ ಗೆದ್ದಿದ್ದು ‘ನೋ ನಥಿಂಗ್’ ಪಕ್ಷದಿಂದ. ಐರಿಶ್ ಕ್ಯಾಥೊಲಿಕರು ಬರುವುದನ್ನು ವಿರೋಧಿಸಿಯೇ ಬೆಳೆದ ಪಕ್ಷ ಅದು. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ಮನಸ್ಸು ಬದಲಾಯಿತಾ, ಅಥವಾ ಗೆಲ್ಲುವ ಕಡೆಗೆ ಹಾರುವ ಸ್ವಭಾವವಾ?

ಮೂರನೇಬೆಂಚು
ಎರಡನೆಯದು. ರಾಜಕಾರಣಿ ಅಲ್ವಾ? 1848ರಲ್ಲಿ ಫ್ರೀ ಸಾಯಿಲ್ ಪಕ್ಷ, 1854ರಲ್ಲಿ ನೋ ನಥಿಂಗ್, ಆಮೇಲೆ ರಿಪಬ್ಲಿಕನ್. ಹತ್ತು ವರ್ಷದೊಳಗೆ ಮೂರು ಪಕ್ಷ.

ಮೇಷ್ಟ್ರು_ಹಾಸನ
ಮೂರನೇಬೆಂಚು ಅವರೇ, ಇದು ಅವಸರದ ತೀರ್ಪು. ಆ ಮೂರು ಪಕ್ಷಗಳ ನಡುವೆ ಒಂದು ದಾರ ಇದೆ, ಗುಲಾಮಗಿರಿಯ ವಿರೋಧ. 1854ರಲ್ಲಿ ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆ ಬಂತು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅನ್ನುವುದನ್ನು ಅಲ್ಲಿಯ ಜನರೇ ತೀರ್ಮಾನಿಸಲಿ ಎಂದಿತು. ಉತ್ತರದ ಹಳೆಯ ವ್ಹಿಗ್ ಪಕ್ಷ ಆ ಏಟಿಗೆ ಪುಡಿಯಾಯಿತು. ಗುಲಾಮಗಿರಿ ವಿರೋಧಿಗಳಿಗೆ ನಿಲ್ಲಲು ಮನೆ ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಆ ವರ್ಷ ನೋ ನಥಿಂಗ್ ಪಕ್ಷ ಶಾಸನಸಭೆಯನ್ನು ಹೆಚ್ಚುಕಡಿಮೆ ಪೂರ್ತಿ ಗೆದ್ದಿತು. ಗುಲಾಮಗಿರಿ ವಿರೋಧಿ ನಾಯಕ ಹೆನ್ರಿ ವಿಲ್ಸನ್ ಕೂಡ ಅವರ ಬೆಂಬಲದಿಂದಲೇ ಸೆನೆಟ್‌ಗೆ ಹೋದರು.

ಅದೇ ಶಾಸನಸಭೆ 1855ರಲ್ಲಿ ಏನು ಮಾಡಿತು ನೋಡಿ. ಕರಿಯ ಮಕ್ಕಳನ್ನು ಬೇರೆ ಶಾಲೆಗೆ ತಳ್ಳುವುದನ್ನು ನಿಷೇಧಿಸಿತು. ಅದೇ ವೇಳೆಗೆ ಐರಿಶ್ ಸೈನಿಕ ತುಕಡಿಗಳನ್ನೂ ರದ್ದು ಮಾಡಿತು. ಎರಡೂ ಒಂದೇ ಜನರ ಕೆಲಸ. ನಾವು ಇಂದಿನ ಪಕ್ಷಗಳ ಚೌಕಟ್ಟಿನಲ್ಲಿ ಅವರನ್ನು ಕೂರಿಸಲು ಹೋದರೆ ಆಗುವುದಿಲ್ಲ.

ಮೂರನೇಬೆಂಚು
ಮೇಷ್ಟ್ರೇ, ಮನೆ ಇರಲಿಲ್ಲ ಅಂತ ಯಾರ ಮನೆಗಾದರೂ ನುಗ್ಗಬಹುದಾ? ಐರಿಶ್ ಬಡವರ ಹೊಟ್ಟೆ ಮೇಲೆ ಹೊಡೆದು ಗೆದ್ದದ್ದು ಗೆಲುವೇ ಅಲ್ಲ. ಗುಲಾಮಗಿರಿ ವಿರೋಧಿ ಅನ್ನುವ ಕಾರಣಕ್ಕೆ ಅದನ್ನು ಮಾಫಿ ಮಾಡಲು ನಾನು ತಯಾರಿಲ್ಲ.

ಬೇಏರಿಯಾ_ಅಮ್ಮ
ಮಾಫಿ ಮಾಡಿ ಅಂತ ಮೇಷ್ಟ್ರು ಹೇಳಲೇ ಇಲ್ಲವಲ್ಲ. ಕಾರಣ ಹೇಳಿದರು ಅಷ್ಟೇ.

ಕರಿಕೋಟು
ನಾನು ವೃತ್ತಿಯಲ್ಲಿ ವಕೀಲ. ನನಗೆ ಈ ಮನುಷ್ಯ ಇಷ್ಟವಾಗಿದ್ದು 1856ರ ಬೇಸಿಗೆಯ ಪ್ರಸಂಗದಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಎಲ್ಲದಕ್ಕೂ ಬೇರು ಅಲ್ಲಿದೆ.

ಮೇ 22ರಂದು ದಕ್ಷಿಣ ಕ್ಯಾರೊಲಿನಾದ ಪ್ರತಿನಿಧಿ ಸಭೆ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಸಭಾಂಗಣಕ್ಕೆ ನುಗ್ಗಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಕೋಲಿನಿಂದ ಪ್ರಜ್ಞೆ ತಪ್ಪುವಂತೆ ಹೊಡೆದ. ಗುಲಾಮಗಿರಿ ವಿರುದ್ಧ ಸಮ್ನರ್ ಮಾಡಿದ ಭಾಷಣಕ್ಕೆ ಸೇಡು ಅದು. ಸಮ್ನರ್ ಮತ್ತೆ ಸರಿಯಾಗಿ ಕೆಲಸಕ್ಕೆ ಬರಲು ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಬ್ರೂಕ್ಸ್‌ನನ್ನು ಸದನದಿಂದ ಹೊರಹಾಕಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಅವನು ತಾನೇ ರಾಜೀನಾಮೆ ಕೊಟ್ಟ, ಊರಿನ ಜನ ಮತ್ತೆ ಗೆಲ್ಲಿಸಿ ಕಳಿಸಿದರು.

ಬರ್ಲಿಂಗೇಮ್ ಜೂನ್ 21ರಂದು ಸದನದಲ್ಲಿ ಎದ್ದು ನಿಂತು ಬ್ರೂಕ್ಸ್‌ನನ್ನು ಹೇಡಿ ಅನ್ನುವ ಧಾಟಿಯಲ್ಲೇ ಝಾಡಿಸಿದರು. ಬ್ರೂಕ್ಸ್ ದ್ವಂದ್ವಯುದ್ಧಕ್ಕೆ ಕರೆದ. ಉತ್ತರದ ರಾಜಕಾರಣಿಗಳು ಇಂಥ ಕರೆಯನ್ನು ಸಾಮಾನ್ಯವಾಗಿ ತಳ್ಳಿಹಾಕುತ್ತಿದ್ದರು. ಇವರು ಒಪ್ಪಿಬಿಟ್ಟರು! ಕರೆಸಿಕೊಂಡವನಿಗೆ ಆಯುಧ ಮತ್ತು ಜಾಗ ಆರಿಸುವ ಹಕ್ಕು ಇರುತ್ತದೆ. ಆಯುಧ ರೈಫಲ್. ಜಾಗ ನಯಾಗರಾ ಜಲಪಾತದ ಕೆನಡಾ ದಡ. ಮಿಷಿಗನ್ ಗಡಿನಾಡಿನಲ್ಲಿ ಬೆಳೆದ ಬರ್ಲಿಂಗೇಮ್‌ಗೆ ಗುರಿ ಚೆನ್ನಾಗಿತ್ತು.

ಬ್ರೂಕ್ಸ್ ಹೋಗಲಿಲ್ಲ. ಉತ್ತರದ ರಾಜ್ಯಗಳು ಶತ್ರುಗಳ ನಾಡು, ಅದನ್ನು ದಾಟಿ ಸುರಕ್ಷಿತವಾಗಿ ಹೋಗಲು ಆಗದು ಎಂದ. ಪ್ರಜ್ಞೆ ತಪ್ಪಿ ಬಿದ್ದವರನ್ನು ಹೊಡೆದ ಧೈರ್ಯ ಅಲ್ಲಿಗೆ ಮುಗಿಯಿತು.

ಜೋಳದರೊಟ್ಟಿ
ಕೆನಡಾ ಯಾಕ್ರೀ? ವಾಷಿಂಗ್ಟನ್ ಹತ್ತಿರ ಜಾಗ ಇರಲಿಲ್ಲವಾ? ಬ್ರೂಕ್ಸ್ ಬರಬಾರದು ಅಂತಲೇ ಅಷ್ಟು ದೂರ ಇಟ್ಟರು ಅನಿಸುತ್ತದೆ.

ಕರಿಕೋಟು
ಜೋಳದರೊಟ್ಟಿ ಅವರೇ, ಕಾನೂನಿನ ಕಾರಣವೂ ಇದೆ. 1838ರಲ್ಲಿ ಜೊನಾಥನ್ ಸಿಲ್ಲಿ ಅನ್ನುವ ಕಾಂಗ್ರೆಸ್ ಸದಸ್ಯ ಇನ್ನೊಬ್ಬ ಸದಸ್ಯನ ಗುಂಡಿಗೆ ಹೀಗೇ ಸತ್ತರು. ಮರುವರ್ಷ ಕಾಂಗ್ರೆಸ್ಸು ರಾಜಧಾನಿಯಲ್ಲಿ ದ್ವಂದ್ವಯುದ್ಧವನ್ನೂ ಅದಕ್ಕೆ ಕರೆ ಕೊಡುವುದನ್ನೂ ಅಪರಾಧ ಮಾಡಿತು. ಹಾಗಾಗಿ ಅಮೆರಿಕದ ಕಾನೂನಿನ ಕೈಗೆ ಸಿಗದ ಜಾಗ ಬೇಕಿತ್ತು. ದೂರ ಇದ್ದದ್ದು ಅನುಕೂಲವೂ ಆಯಿತು, ಅದನ್ನು ಅಲ್ಲಗಳೆಯಲ್ಲ.

ಹಳೇಪೇಪರ್
ಕರಿಕೋಟು ಸರ್ ಒಂದು ಭಾಗ ಬಿಟ್ಟುಬಿಟ್ಟರು. ಭಾಷಣದ ನಂತರ ಬ್ರೂಕ್ಸ್‌ನ ಸ್ನೇಹಿತರು ಮಧ್ಯಸ್ಥಿಕೆಗೆ ಬಂದಾಗ ಬರ್ಲಿಂಗೇಮ್ ಮೊದಲು ಮೆತ್ತಗಾಗಿದ್ದರು. ಹೊಡೆದ ಕೆಲಸ ಬೇರೆ, ಹೊಡೆದ ಮನುಷ್ಯ ಬೇರೆ ಅನ್ನುವ ಥರದ ಒಂದು ವಿವರಣೆಗೆ ಒಪ್ಪಿಕೊಂಡರು. ಅದು ಹೊರಗೆ ಬಂದಾಗ ಬಾಸ್ಟನ್ ಜನ ಸಿಟ್ಟಾದರು. ಆಗ ಇವರು ಆ ವಿವರಣೆಯನ್ನು ಬಹಿರಂಗವಾಗಿ ವಾಪಸ್ ತೆಗೆದುಕೊಂಡರು. ಬ್ರೂಕ್ಸ್ ಕರೆ ಕೊಟ್ಟದ್ದು ಆಮೇಲೆ. ಹೀರೋ ಕಥೆ ಹೇಳುವಾಗ ಇದನ್ನೂ ಹೇಳಬೇಕು.

ಮೂರನೇಬೆಂಚು
ನೋಡಿ, ನಾನು ಹೇಳಿದ್ದು ಅದನ್ನೇ. ಗಾಳಿ ಬಂದ ಕಡೆ.

ತುಂಗಾತೀರ
ನನಗೆ ಹಾಗನ್ನಿಸಲ್ಲ. ಗಲಾಟೆ ತಣ್ಣಗಾಗಲಿ ಅಂತ ಒಪ್ಪಿರಬಹುದು. ಕೊನೆಗೆ ಬಂದೂಕಿನ ಮುಂದೆ ನಿಲ್ಲಲು ಸಿದ್ಧನಾದವನು ಯಾರು ಅನ್ನೋದು ಮುಖ್ಯ. ಓಡಿಹೋದವನು ಬ್ರೂಕ್ಸ್.

ಪ್ರಶ್ನೆಪತ್ರಿಕೆ
ಸರ್, ಚೀನಾಕ್ಕೆ ಯಾಕೆ ಕಳಿಸಿದರು? ಅವರಿಗೆ ಚೀನೀ ಭಾಷೆ ಬರುತ್ತಿತ್ತಾ?

ಮೇಷ್ಟ್ರು_ಹಾಸನ
ಇಲ್ಲಪ್ಪ. ಮೊದಲು ಕೊಟ್ಟಿದ್ದು ಆಸ್ಟ್ರಿಯಾ. 1860ರ ಚುನಾವಣೆಯಲ್ಲಿ ಲಿಂಕನ್ ಪರವಾಗಿ ಊರೂರು ಸುತ್ತಿ ಭಾಷಣ ಮಾಡಿದರು, ತಮ್ಮ ಕ್ಷೇತ್ರವನ್ನೇ ಸೋತರು. ಲಿಂಕನ್ 1861ರ ಮಾರ್ಚ್‌ನಲ್ಲಿ ವಿಯೆನ್ನಾಕ್ಕೆ ನೇಮಿಸಿದರು. ಆದರೆ ಆಸ್ಟ್ರಿಯಾದವರು ಬೇಡ ಅಂದರು. ಆಸ್ಟ್ರಿಯಾದ ವಿರುದ್ಧ ಎದ್ದಿದ್ದ ಹಂಗೆರಿಯ ಸ್ವಾತಂತ್ರ್ಯ ಹೋರಾಟಗಾರ ಕೊಶುತ್ ಪರವಾಗಿ, ಇಟಲಿಯ ಸಾರ್ಡಿನಿಯಾ ಪರವಾಗಿ ಇವರು ಮಾತಾಡಿದ್ದರು. ಚಕ್ರವರ್ತಿಗೆ ಇಂಥವನು ಆಸ್ಥಾನದಲ್ಲಿ ಬೇಕಿರಲಿಲ್ಲ. ಹಾಗಾಗಿ ಜೂನ್‌ನಲ್ಲಿ ಚೀನಾ. 1862ರಲ್ಲಿ ಬೀಜಿಂಗ್ ತಲುಪಿ ಅಲ್ಲೇ ಮನೆ ಮಾಡಿದರು. ಬೀಜಿಂಗ್‌ನಲ್ಲಿ ನೆಲೆಸಿದ ಮೊದಲ ಅಮೆರಿಕನ್ ರಾಯಭಾರಿ ಇವರೇ.

ಮೂರನೇಬೆಂಚು ಅವರಿಗೆ ಒಂದು ಮಾತು. ಗಾಳಿ ಬಂದ ಕಡೆ ಹೋಗುವವನು ಹಂಗೆರಿ ಪರ ಮಾತಾಡಿ ಕೆಲಸ ಕಳೆದುಕೊಳ್ಳುತ್ತಾನಾ?

ಕಡಲತೀರ
ಆ ಸಮಯದ ಚೀನಾ ಸ್ಥಿತಿ ನೆನಪಿಡಿ ಮಾರಾಯ್ರೆ. ಎರಡು ಅಫೀಮು ಯುದ್ಧ ಸೋತಿತ್ತು. 1860ರಲ್ಲಿ ಬ್ರಿಟಿಷ್-ಫ್ರೆಂಚ್ ಸೈನ್ಯ ಬೀಜಿಂಗ್‌ವರೆಗೆ ಬಂದು ಬೇಸಿಗೆ ಅರಮನೆಯನ್ನೇ ಸುಟ್ಟಿತ್ತು. ದಕ್ಷಿಣದಲ್ಲಿ ತೈಪಿಂಗ್ ದಂಗೆ. ನಮ್ಮ ದೇಶದ ಅಫೀಮೇ ಅಲ್ಲಿಗೆ ಹೋಗುತ್ತಿತ್ತು, ಕಲ್ಕತ್ತಾದಿಂದ, ಬೊಂಬಾಯಿಯಿಂದ. ಅಂಥ ಹೊತ್ತಲ್ಲಿ ಒಬ್ಬ ಪಾಶ್ಚಾತ್ಯ ರಾಯಭಾರಿ ಬಂದು ‘ಬಲಪ್ರಯೋಗ ಬೇಡ, ಕೂತು ಮಾತಾಡೋಣ’ ಅಂದರೆ ಅವರಿಗೆ ಎಷ್ಟು ಸಮಾಧಾನ ಆಗಿರಬೇಕು.

ನಕ್ಷೆಪ್ರಿಯ
ಹೌದು, ಅದನ್ನೇ ‘ಸಹಕಾರ ನೀತಿ’ ಎಂದು ಕರೆದರು. ಬ್ರಿಟನ್ನಿನ ಫ್ರೆಡರಿಕ್ ಬ್ರೂಸ್, ಫ್ರಾನ್ಸ್ ಮತ್ತು ರಷ್ಯಾದ ದೂತರು, ಇವರನ್ನೆಲ್ಲ ಒಂದು ದಾರಿಗೆ ತಂದರು. ಒಪ್ಪಂದಗಳನ್ನು ನ್ಯಾಯವಾಗಿ ಪಾಲಿಸೋಣ, ಚೀನಾದ ನೆಲ ಹರಿದು ಹಂಚಿಕೊಳ್ಳುವುದು ಬೇಡ, ತಕರಾರು ಬಂದರೆ ಬಂದೂಕಿನ ಬದಲು ಬೀಜಿಂಗ್‌ನ ವಿದೇಶಾಂಗ ಕಚೇರಿ ಜೊತೆ ಮಾತು. ಹಿಂದೆ ದೊಡ್ಡ ನೌಕಾಪಡೆ ಇಲ್ಲ. ಸ್ವದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಇವರ ಹತ್ತಿರ ಇದ್ದದ್ದು ಮಾತು ಮತ್ತು ಸ್ನೇಹ ಎರಡೇ.

1863ರ ಒಂದು ಉದಾಹರಣೆ. ಚೀನಾ ಸರ್ಕಾರಕ್ಕಾಗಿ ಬ್ರಿಟನ್ನಿನಲ್ಲಿ ಕೊಂಡ ಯುದ್ಧನೌಕೆಗಳು ಬಂದವು. ಅವುಗಳ ಬ್ರಿಟಿಷ್ ನಾಯಕ ಕ್ಯಾಪ್ಟನ್ ಆಸ್ಬರ್ನ್ ತಾನು ಚೀನೀ ಅಧಿಕಾರಿಗಳ ಮಾತು ಕೇಳಲ್ಲ ಎಂದ. ದೊಡ್ಡ ರಗಳೆ. ಹಡಗುಗಳು ಯಾರ ಕೈಗೆ ಸಿಕ್ಕರೂ ಅಪಾಯ ಇತ್ತು. ಬರ್ಲಿಂಗೇಮ್ ನಡುವೆ ನಿಂತು ಮಾತಾಡಿಸಿ, ನೌಕೆಗಳು ವಾಪಸ್ ಹೋಗುವಂತೆ ಮಾಡಿದರು.

ಮೂರನೇಬೆಂಚು
ಅಂತರ್ಯುದ್ಧ ಇತ್ತು, ಹಡಗು ಇರಲಿಲ್ಲ, ಆದ್ದರಿಂದ ಶಾಂತಿ. ಅಮೆರಿಕದ ಹತ್ತಿರ ಬಲ ಇದ್ದಿದ್ದರೆ ಇದೇ ನೀತಿ ಇರುತ್ತಿತ್ತಾ?

ಕರಿಕೋಟು
ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಆದರೆ ಬಲ ಇಲ್ಲದ ಎಲ್ಲರೂ ಸ್ನೇಹ ಗಳಿಸಲ್ಲ. ಬೀಜಿಂಗ್‌ನ ವಿದೇಶಾಂಗ ಕಚೇರಿ ನಡೆಸುತ್ತಿದ್ದ ರಾಜಕುಮಾರ ಗಾಂಗ್ ಮತ್ತು ವೆನ್‌ಷಿಯಾಂಗ್ ನಂಬಿದ್ದು ಅಮೆರಿಕವನ್ನಲ್ಲ, ಈ ಮನುಷ್ಯನನ್ನು. 1867ರ ನವೆಂಬರ್‌ನಲ್ಲಿ ಇವರು ರಾಜೀನಾಮೆ ಕೊಟ್ಟು ಊರಿಗೆ ಹೊರಟಾಗ, ಬೀಳ್ಕೊಡುಗೆಯ ಹೊತ್ತಲ್ಲಿ ‘ನಮ್ಮ ಪರವಾಗಿ ನೀವೇ ಹೋಗಿ’ ಅಂದರು.

ಪ್ರಶ್ನೆಪತ್ರಿಕೆ
ಅದೇ ಅರ್ಥವಾಗಲ್ಲ ಸರ್. ಒಂದು ದೇಶದ ರಾಯಭಾರಿ ಇನ್ನೊಂದು ದೇಶದ ರಾಯಭಾರಿಯಾಗಿ ತನ್ನ ದೇಶಕ್ಕೇ ಹೋಗುವುದು ಸರಿಯಾ? ಚೀನಾದಲ್ಲಿ ಅಧಿಕಾರಿಗಳೇ ಇರಲಿಲ್ಲವಾ?

ಮೇಷ್ಟ್ರು_ಹಾಸನ
ಅಧಿಕಾರಿಗಳು ಬೇಕಾದಷ್ಟಿದ್ದರು. ಪಾಶ್ಚಾತ್ಯ ರಾಜಧಾನಿಗಳ ನಡವಳಿಕೆ ತಿಳಿದವರು ಕಡಿಮೆ. ಇನ್ನೊಂದು ಒಳಗುಟ್ಟು ಇದೆ. ಬ್ರಿಟನ್ ಜೊತೆಗಿನ 1858ರ ತಿಯಾನ್‌ಜಿನ್ ಒಪ್ಪಂದವನ್ನು ಹತ್ತು ವರ್ಷಕ್ಕೆ, ಅಂದರೆ 1868ರಲ್ಲಿ, ಪರಿಷ್ಕರಿಸಬಹುದು ಎಂದಿತ್ತು. ಆಗ ಬ್ರಿಟಿಷ್ ವ್ಯಾಪಾರಿಗಳು ರೈಲು ಬೇಕು, ಟೆಲಿಗ್ರಾಫ್ ಬೇಕು, ಒಳನಾಡು ಪೂರ್ತಿ ತೆರೆಯಿರಿ ಎಂದು ಮುಗಿಬೀಳುತ್ತಾರೆ ಅನ್ನುವ ಭಯ ಬೀಜಿಂಗ್‌ಗಿತ್ತು. ಮೊದಲೇ ಒಬ್ಬರನ್ನು ಕಳಿಸಿ ‘ಒತ್ತಡ ಹಾಕಬೇಡಿ’ ಎಂದು ಹೇಳಿಸಬೇಕಿತ್ತು.

ದರ್ಬಾರಿನ ಶಿಷ್ಟಾಚಾರದ ತೊಡಕೂ ಇತ್ತು. ಚೀನೀ ದೂತ ಹೋಗಿ ವಿದೇಶದ ದೊರೆಯ ಮುಂದೆ ಸುಮ್ಮನೆ ನಿಂತು ನಮಸ್ಕರಿಸಿದರೆ, ನಾಳೆ ಅವರ ದೂತರು ಬೀಜಿಂಗ್‌ಗೆ ಬಂದು ‘ನಾವೂ ಅಡ್ಡಬೀಳಲ್ಲ’ ಅನ್ನುತ್ತಾರೆ. ವಿದೇಶಿಯನ್ನು ಮುಂದೆ ಇಟ್ಟರೆ ಆ ಸಮಸ್ಯೆ ಮುಂದಕ್ಕೆ ಹೋಗುತ್ತದೆ. ಬಲು ಜಾಣತನದ ಲೆಕ್ಕ. ಮತ್ತೆ ಇವರು ಒಬ್ಬರೇ ಅಲ್ಲ. ಝಿಗಾಂಗ್ ಮತ್ತು ಸುನ್ ಜಿಯಾಗು ಅನ್ನುವ ಇಬ್ಬರು ಅಧಿಕಾರಿಗಳೂ ದೂತರೇ. ಕಾರ್ಯದರ್ಶಿಗಳಾಗಿ ಒಬ್ಬ ಬ್ರಿಟಿಷ್, ಒಬ್ಬ ಫ್ರೆಂಚ್, ಯಾರಿಗೂ ಅಸಮಾಧಾನ ಆಗದಂತೆ.

ಉಗಿಬಂಡಿ
ಪ್ರಯಾಣದ ಬಗ್ಗೆ ನಾನು ಹೇಳುತ್ತೇನೆ. ಶಾಂಘೈನಿಂದ 1868ರ ಫೆಬ್ರವರಿಯಲ್ಲಿ ಹೊರಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಡ್ರ್ಯಾಗನ್ ಚಿತ್ರದ ಹಳದಿ ಬಾವುಟ ಹಾರಿಸಿಕೊಂಡು ಬಂದರು. ಅಲ್ಲಿಂದ ನ್ಯೂಯಾರ್ಕ್‌ಗೆ ನೇರ ರೈಲು ಇನ್ನೂ ಇರಲಿಲ್ಲ. ಹಡಗಲ್ಲಿ ಪನಾಮಾ, ಪನಾಮಾ ಭೂಸಂಧಿಯನ್ನು 1855ರ ಸಣ್ಣ ರೈಲಿನಲ್ಲಿ ದಾಟಿ, ಮತ್ತೆ ಹಡಗು.

ಆ ನೇರ ರೈಲನ್ನು ಅದೇ ಹೊತ್ತಿಗೆ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಕೊರೆಯುತ್ತಿದ್ದವರು ಚೀನೀ ಕೂಲಿಗಳು. ಸೆಂಟ್ರಲ್ ಪೆಸಿಫಿಕ್ ಕಂಪನಿಗೆ ದುಡಿದ ಚೀನೀಯರು 10,000ಕ್ಕೂ ಜಾಸ್ತಿ. 1867ರ ಜೂನ್‌ನಲ್ಲಿ ತಿಂಗಳಿಗೆ 40 ಡಾಲರ್ ಕೂಲಿ ಮತ್ತು ಕಡಿಮೆ ಗಂಟೆ ಕೆಲಸ ಕೇಳಿ ಮುಷ್ಕರ ಮಾಡಿದರು. ಕಂಪನಿಯವರು ಊಟದ ಸರಬರಾಜನ್ನೇ ನಿಲ್ಲಿಸಿ ಮುಷ್ಕರ ಮುರಿದರು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಹಳಿ ಸೇರಿತು. ಒಪ್ಪಂದದ ಬಗ್ಗೆ ಮಾತಾಡುವಾಗ ಈ ಜನರನ್ನು ಮರೆಯಬೇಡಿ. ಅವರಿಲ್ಲದೆ ಆ ಒಪ್ಪಂದವೇ ಇಲ್ಲ.

ಮೂರನೇಬೆಂಚು
ಸರಿಯಾಗಿ ಹೇಳಿದಿರಿ ಉಗಿಬಂಡಿ. ಒಪ್ಪಂದದ ಹೆಚ್ಚಿನ ಭಾಗ ಬರೆದವರು ವಿದೇಶಾಂಗ ಕಾರ್ಯದರ್ಶಿ ಸೀವರ್ಡ್. ಅವರಿಗೆ ಬೇಕಿದ್ದದ್ದು ಅಗ್ಗದ ಕೂಲಿ ಮತ್ತು ಪೆಸಿಫಿಕ್ ವ್ಯಾಪಾರ. ಮನುಷ್ಯನ ಹಕ್ಕು ಅನ್ನುವುದು ಮೇಲಿನ ಬಣ್ಣ. ಅದೇ ಒಪ್ಪಂದದಲ್ಲಿ ‘ಇದರಿಂದ ಪೌರತ್ವ ಸಿಗುವುದಿಲ್ಲ’ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ದುಡಿಯಿರಿ, ಆದರೆ ನಮ್ಮವರಾಗಬೇಡಿ. ಇದಕ್ಕೆ ಏನಂತೀರಿ?

ಬೇಏರಿಯಾ_ಅಮ್ಮ
ಈ ಮಾತು ಇಲ್ಲಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಬೆಳೆಸಿ, ಇನ್ನೂ ತಾತ್ಕಾಲಿಕ.

ಜೋಳದರೊಟ್ಟಿ
ವೀಸಾ ವಿಷಯ ಶುರುವಾದರೆ ಈ ಎಳೆ ಮುಗಿಯೋದಿಲ್ಲರೀ. ಅದಕ್ಕೆ ಬೇರೆ ಕಡೆ ಚರ್ಚೆ ನಡೀತಾ ಇದೆ.

ಬೇಏರಿಯಾ_ಅಮ್ಮ
ಸಂಬಂಧ ಇದೆ ಅಂತಲೇ ಹೇಳಿದ್ದು. ಚೀನೀಯರಿಗೆ ಮುಚ್ಚಿದ ಬಾಗಿಲನ್ನೇ ಆಮೇಲೆ ನಮಗೂ ಮುಚ್ಚಿದರು. 1917ರಲ್ಲಿ ಭಾರತವನ್ನೂ ಸೇರಿಸಿ ಏಷ್ಯಾದ ದೊಡ್ಡ ಭಾಗದಿಂದ ಬರುವುದನ್ನೇ ತಡೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗಲು ಅರ್ಹರಲ್ಲ ಎಂದಿತು. 1946ರವರೆಗೆ ಹಾಗೇ ಇತ್ತು, ಆಮೇಲೂ ವರ್ಷಕ್ಕೆ 100 ಜನರಿಗೆ ಮಾತ್ರ ದಾರಿ. ನಾವು ಯಾವ ಕಥೆಯ ಮುಂದಿನ ಪುಟದಲ್ಲಿ ಇದ್ದೇವೆ ಅಂತ ತಿಳಿದಿರಬೇಕು ಅಲ್ವಾ?

ಕರಿಕೋಟು
ಮೂರನೇಬೆಂಚು ಅವರ ಪ್ರಶ್ನೆಗೆ ಬರುತ್ತೇನೆ. ಪೌರತ್ವದ ಮಾತು ಆರನೇ ವಿಧಿಯಲ್ಲಿದೆ, ನೀವು ಹೇಳಿದ್ದು ನಿಜ. ಸೀವರ್ಡ್ ಉದ್ದೇಶವೂ ನಿಜ. ಆದರೆ ಅದೇ ಒಪ್ಪಂದದ ಐದನೇ ವಿಧಿ ನೋಡಿ. ಸ್ವಇಚ್ಛೆ ಇಲ್ಲದೆ ಜನರನ್ನು ಸಾಗಿಸುವುದು ಅಪರಾಧ ಅನ್ನುತ್ತದೆ. ಆ ಕಾಲದಲ್ಲಿ ಕ್ಯೂಬಾ, ಪೆರುವಿಗೆ ಚೀನೀಯರನ್ನು ಮೋಸದಿಂದ, ಬಲವಂತದಿಂದ ಹಡಗಿಗೆ ತುಂಬುತ್ತಿದ್ದರು. ಎಂಟನೇ ವಿಧಿ, ರೈಲು ಟೆಲಿಗ್ರಾಫ್ ಯಾವಾಗ ಬೇಕು ಅನ್ನುವುದು ಚೀನಾದ ತೀರ್ಮಾನ, ನಾವು ಒತ್ತಾಯಿಸಲ್ಲ ಅನ್ನುತ್ತದೆ. ಇಪ್ಪತ್ತೈದು ವರ್ಷ ತೋಪಿನ ಬಾಯಿಯಿಂದ ಒಪ್ಪಂದ ಮಾಡಿಸಿಕೊಂಡ ದೇಶಕ್ಕೆ ಇದು ಸಣ್ಣ ವಿಷಯವಲ್ಲ.

ಮತ್ತೆ, ಕಾನೂನಿನ ಪುಟದಲ್ಲಿ ಬಿದ್ದ ಮಾತು ಬರೆದವನ ಉದ್ದೇಶ ಮೀರಿ ಕೆಲಸ ಮಾಡುತ್ತದೆ. ಕೋರ್ಟಿನಲ್ಲಿ ದಿನಾ ನೋಡುತ್ತೇನೆ. 1879ರಲ್ಲಿ ಕಾಂಗ್ರೆಸ್ಸು ಒಂದು ಹಡಗಿನಲ್ಲಿ 15ಕ್ಕಿಂತ ಜಾಸ್ತಿ ಚೀನೀಯರನ್ನು ತರಬಾರದು ಎಂಬ ಮಸೂದೆ ಪಾಸು ಮಾಡಿತು. ಅಧ್ಯಕ್ಷ ಹೇಯ್ಸ್ ವೀಟೋ ಮಾಡಿದರು. ಕಾರಣ ಬರ್ಲಿಂಗೇಮ್ ಒಪ್ಪಂದ. ಅದೇ ವರ್ಷ ಕ್ಯಾಲಿಫೋರ್ನಿಯಾ ತನ್ನ ಹೊಸ ಸಂವಿಧಾನದಲ್ಲಿ ಕಂಪನಿಗಳು ಚೀನೀಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಬರೆದುಕೊಂಡಿತು. 1880ರಲ್ಲಿ ಟಿಬರ್ಸಿಯೋ ಪ್ಯಾರಟ್ ಪ್ರಕರಣದಲ್ಲಿ ಫೆಡರಲ್ ಕೋರ್ಟು ಅದನ್ನು ಹೊಡೆದುಹಾಕಿತು. ಮತ್ತೆ ಅದೇ ಒಪ್ಪಂದ. ಗಣಿಯಲ್ಲಿ ದುಡಿಯುತ್ತಿದ್ದ ಚೀನೀಯನ ಕೆಲಸವನ್ನು ಹತ್ತು ವರ್ಷದ ಹಿಂದೆ ಸತ್ತ ಮನುಷ್ಯನ ಸಹಿ ಉಳಿಸಿತು. ಇದನ್ನು ಮೇಲಿನ ಬಣ್ಣ ಅನ್ನಲು ನನಗೆ ಮನಸ್ಸು ಬರಲ್ಲ.

ತುಂಗಾತೀರ
ಇದು ಗೊತ್ತೇ ಇರಲಿಲ್ಲ. ಧನ್ಯವಾದ ಕರಿಕೋಟು ಸರ್.

ಹಳೇಪೇಪರ್
ಕರಿಕೋಟು ಅವರು ಕಥೆಯನ್ನು 1880ಕ್ಕೆ ನಿಲ್ಲಿಸಿದರು, ಮುಂದಿನದು ನಾನು ಹೇಳುತ್ತೇನೆ. ಅದೇ 1880ರಲ್ಲಿ ಜೇಮ್ಸ್ ಏಂಜೆಲ್ ಬೀಜಿಂಗ್‌ಗೆ ಹೋಗಿ ಹೊಸ ಒಪ್ಪಂದ ಮಾಡಿಕೊಂಡರು. ಕಾರ್ಮಿಕರ ವಲಸೆಯನ್ನು ಮಿತಿಗೊಳಿಸಬಹುದು, ತಾತ್ಕಾಲಿಕವಾಗಿ ನಿಲ್ಲಿಸಬಹುದು ಎಂದಾಯಿತು. 1882ರ ಮೇ 6ರಂದು ಅಧ್ಯಕ್ಷ ಆರ್ಥರ್ ಚೀನೀ ಬಹಿಷ್ಕಾರ ಕಾಯ್ದೆಗೆ ಸಹಿ ಹಾಕಿದರು. ಹತ್ತು ವರ್ಷಕ್ಕೆ ಅಂದದ್ದು 1943ರವರೆಗೆ ಎಳೆಯಿತು. ತೆಗೆದ ಮೇಲೂ ವರ್ಷಕ್ಕೆ 105 ಜನ. ಹನ್ನೆರಡು ವರ್ಷದ ಸ್ವಾತಂತ್ರ್ಯ, ಅರವತ್ತೊಂದು ವರ್ಷದ ಬಾಗಿಲು ಬಂದ್.

ನಕ್ಷೆಪ್ರಿಯ
ಈ ಏಂಜೆಲ್ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಕ್ಷರು. ಬರ್ಲಿಂಗೇಮ್ ಹುಡುಗನಾಗಿ ಓದಿದ್ದು ಅದೇ ವಿಶ್ವವಿದ್ಯಾಲಯದ ಡೆಟ್ರಾಯ್ಟ್ ಶಾಖೆಯಲ್ಲಿ. ಒಂದೇ ಸಂಸ್ಥೆಯ ಒಬ್ಬರು ಬಾಗಿಲು ತೆರೆದರು, ಇನ್ನೊಬ್ಬರು ಮುಚ್ಚಲು ಕೀಲಿ ತಂದರು. ಓದುವಾಗ ಬೇಸರವಾಯಿತು.

ಪ್ರಶ್ನೆಪತ್ರಿಕೆ
ಒಪ್ಪಂದದಲ್ಲಿ ಓದಿನ ಬಗ್ಗೆಯೂ ಇತ್ತು ಅಂತ ಕೇಳಿದ್ದೆ?

ಉಗಿಬಂಡಿ
ಏಳನೇ ವಿಧಿ. ಎರಡೂ ದೇಶದ ಜನ ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದಬಹುದು. 1872ರಿಂದ ಚೀನಾ 120 ಹುಡುಗರನ್ನು ಅಮೆರಿಕಕ್ಕೆ ಕಳಿಸಿತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಸುತ್ತಮುತ್ತ ಮನೆಗಳಲ್ಲಿ ಇಟ್ಟರು. ಇದರ ಹಿಂದಿದ್ದವರು ಯೇಲ್‌ನಲ್ಲಿ 1854ರಲ್ಲೇ ಪದವಿ ಪಡೆದ ಯುಂಗ್ ವಿಂಗ್. ಸೈನಿಕ ಅಕಾಡೆಮಿಗಳಿಗೆ ಈ ಹುಡುಗರನ್ನು ಸೇರಿಸಿಕೊಳ್ಳಲು ಅಮೆರಿಕ ಒಪ್ಪಲಿಲ್ಲ. ಒಪ್ಪಂದ ಮುರಿದಿರಿ ಎಂದು ಚೀನಾಕ್ಕೆ ಸಿಟ್ಟು. ಹುಡುಗರು ಅಮೆರಿಕನ್ನರೇ ಆಗಿಬಿಡುತ್ತಾರೆ ಅನ್ನುವ ಭಯ ಬೇರೆ. 1881ರಲ್ಲಿ ಎಲ್ಲರನ್ನೂ ವಾಪಸ್ ಕರೆಸಿದರು.

ಆ ಹುಡುಗರಲ್ಲಿ ಒಬ್ಬರು ಝಾನ್ ತಿಯಾನ್‌ಯೂ. ಯೇಲ್ ಮುಗಿಸಿದ್ದರು. ವಿದೇಶಿ ಎಂಜಿನಿಯರುಗಳಿಲ್ಲದೆ ಬೀಜಿಂಗ್–ಝಾಂಗ್‌ಜಿಯಾಕೋ ರೈಲು ದಾರಿ ಕಟ್ಟಿದ್ದು ಇವರೇ. 1909ರಲ್ಲಿ ಮುಗಿಯಿತು. ಗುಡ್ಡ ಹತ್ತಲು ಝಡ್ ಆಕಾರದಲ್ಲಿ ಹಿಂದೆ-ಮುಂದೆ ಹೋಗುವ ಹಳಿ ಹಾಕಿದರು. ರೈಲು ಇಷ್ಟಪಡುವವರು ಆ ದಾರಿಯ ಚಿತ್ರ ನೋಡಲೇಬೇಕು.

ಕಡಲತೀರ
ಝಡ್ ಹಳಿ ಡಾರ್ಜಿಲಿಂಗ್ ರೈಲಿನಲ್ಲೂ ಇದೆ ಅಲ್ವಾ?

ಉಗಿಬಂಡಿ
ಇದೆ. ಡಾರ್ಜಿಲಿಂಗ್ 1881ರದ್ದು, ಹಳಿ ಎರಡಡಿ ಅಗಲ. ಝಾನ್ ಹಾಕಿದ್ದು ಪೂರ್ಣ ಅಗಲದ ಹಳಿ, ತೂಕದ ಗಾಡಿ. ಕಷ್ಟ ಬೇರೆ ಮಟ್ಟದ್ದು.

ಮೂರನೇಬೆಂಚು
ರೈಲಿನಿಂದ ಇಳಿಯೋಣ. ಒಂದು ಆಕ್ಷೇಪ ಇನ್ನೂ ಬಾಕಿ ಇದೆ. 1868ರ ಜೂನ್‌ನಲ್ಲಿ ನ್ಯೂಯಾರ್ಕ್ ಔತಣದಲ್ಲಿ ಬರ್ಲಿಂಗೇಮ್ ಮಾಡಿದ ಭಾಷಣ. ಚೀನಾ ಪಾಶ್ಚಾತ್ಯರನ್ನು ಸ್ವಾಗತಿಸಲು ಕೈಚಾಚಿ ನಿಂತಿದೆ, ಬೆಟ್ಟ ಬೆಟ್ಟದ ಮೇಲೂ ಶಿಲುಬೆ ನೆಡಲು ಮಿಷನರಿಗಳನ್ನು ಕರೆಯುತ್ತಿದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಬೀಜಿಂಗ್ ಇಂಥದ್ದು ಹೇಳಲು ಕಳಿಸಿರಲಿಲ್ಲ. ಕಳಿಸಿದವರ ಮಾತು ಬಿಟ್ಟು ಕೇಳುವವರಿಗೆ ಹಿತವಾದದ್ದು ಹೇಳುವ ದೂತ ಒಳ್ಳೆಯ ದೂತನಾ? 1870ರಲ್ಲಿ ತಿಯಾನ್‌ಜಿನ್‌ನಲ್ಲಿ ಫ್ರೆಂಚ್ ಮಿಷನರಿಗಳನ್ನು ಜನ ಕೊಂದರು. ಆ ಶಿಲುಬೆಯ ಮಾತು ಎಷ್ಟು ಪೊಳ್ಳು ಅಂತ ಎರಡೇ ವರ್ಷದಲ್ಲಿ ಗೊತ್ತಾಯಿತು.

ಮೇಷ್ಟ್ರು_ಹಾಸನ
ಈ ಆಕ್ಷೇಪ ಗಟ್ಟಿಯಾಗಿದೆ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವರು ವೇದಿಕೆಯ ಮನುಷ್ಯ. ಜನ ಚಪ್ಪಾಳೆ ತಟ್ಟಿದರೆ ಮಾತು ಎತ್ತರಕ್ಕೆ ಹೋಗುತ್ತಿತ್ತು. ಆದರೆ ಕಳಿಸಿದವರ ಮೂಲ ಕೆಲಸ ಆಯಿತೋ ಇಲ್ಲವೋ ನೋಡಿ. ಲಂಡನ್‌ಗೆ ಹೋದರು, ವಿಕ್ಟೋರಿಯಾ ರಾಣಿಯನ್ನು ಕಂಡರು. 1868ರ ಡಿಸೆಂಬರ್‌ನಲ್ಲಿ ವಿದೇಶಾಂಗ ಮಂತ್ರಿ ಕ್ಲಾರೆಂಡನ್ ಪತ್ರ ಬರೆದು, ಚೀನಾದ ಮೇಲೆ ಅದರ ಸುರಕ್ಷತೆಗೆ ಒಗ್ಗದ ಒತ್ತಡ ಹಾಕುವುದಿಲ್ಲ ಎಂದರು. ಶಾಂಘೈನ ಬ್ರಿಟಿಷ್ ವ್ಯಾಪಾರಿಗಳು ಉರಿದುಬಿದ್ದರು. ವ್ಯಾಪಾರಿಗಳು ಅಷ್ಟು ಸಿಟ್ಟಾದರು ಅಂದರೆ ಬೀಜಿಂಗ್‌ಗೆ ಬೇಕಾದದ್ದು ಸಿಕ್ಕಿತ್ತು ಅಂತಲೇ ಅರ್ಥ.

ಹಳೇಪೇಪರ್
ಫ್ರಾನ್ಸಿನಲ್ಲಿ ಮಾತ್ರ ಏನೂ ಗಿಟ್ಟಲಿಲ್ಲ. ಮೂರನೇ ನೆಪೋಲಿಯನ್ ಮರ್ಯಾದೆ ಕೊಟ್ಟ, ಮಾತು ಕೊಡಲಿಲ್ಲ. ತಿಂಗಳುಗಟ್ಟಲೆ ಪ್ಯಾರಿಸ್‌ನಲ್ಲಿ ಕಾದರು.

ಜೋಳದರೊಟ್ಟಿ
ತೀರಿಕೊಂಡದ್ದು ಎಲ್ಲಿ?

ನಕ್ಷೆಪ್ರಿಯ
ರಷ್ಯಾದಲ್ಲಿ. ಬರ್ಲಿನ್‌ನಲ್ಲಿ ಬಿಸ್ಮಾರ್ಕ್‌ನನ್ನು ಕಂಡು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. 1870ರ ಫೆಬ್ರವರಿ, ಕೊರೆಯುವ ಚಳಿ. ಝಾರ್ ಎರಡನೇ ಅಲೆಕ್ಸಾಂಡರ್ ಭೇಟಿ ಆಯಿತು. ಕೆಲವೇ ದಿನಕ್ಕೆ ನ್ಯುಮೋನಿಯಾ. ಫೆಬ್ರವರಿ 23ರಂದು ತೀರಿಕೊಂಡರು, ವಯಸ್ಸು 49. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ, ಮೌಂಟ್ ಆಬರ್ನ್ ಸ್ಮಶಾನದಲ್ಲಿ ಸಮಾಧಿ. ಝಿಗಾಂಗ್ ಉಳಿದ ದೇಶಗಳ ಪ್ರಯಾಣ ಮುಗಿಸಿ ಊರಿಗೆ ಹೋದರು.

ತುಂಗಾತೀರ
ಮಾರ್ಕ್ ಟ್ವೈನ್ ಪ್ರಸಂಗ ಯಾರೂ ಹೇಳಲಿಲ್ಲ. 1866ರ ಜೂನ್‌ನಲ್ಲಿ ಹೊನೊಲುಲುವಿನಲ್ಲಿ ಇಬ್ಬರೂ ಸಿಕ್ಕರು. ಟ್ವೈನ್ ಆಗ ಹೆಸರಿಲ್ಲದ ಪತ್ರಕರ್ತ, ಕಾಯಿಲೆ ಬಿದ್ದು ಮಲಗಿದ್ದ. ಹಾರ್ನೆಟ್ ಅನ್ನುವ ಹಡಗು ಸಮುದ್ರದ ಮಧ್ಯೆ ಸುಟ್ಟುಹೋಗಿ, ಹತ್ತು ದಿನದ ಆಹಾರದಲ್ಲಿ 43 ದಿನ ದೋಣಿಯಲ್ಲಿ ಬದುಕಿದ 15 ಜನ ಹವಾಯಿಗೆ ಬಂದಿದ್ದರು. ಬರ್ಲಿಂಗೇಮ್ ಟ್ವೈನ್‌ನನ್ನು ಸ್ಟ್ರೆಚರ್ ಮೇಲೆ ಆಸ್ಪತ್ರೆಗೆ ಹೊರಿಸಿಕೊಂಡು ಹೋಗಿ, ತಾವೇ ನಾವಿಕರನ್ನು ಪ್ರಶ್ನೆ ಕೇಳಿದರು. ಟ್ವೈನ್ ಬರೆದುಕೊಂಡ. ಆ ವರದಿಯಿಂದ ಅವನ ಹೆಸರು ಎದ್ದಿತು. ದೇಶದ ರಾಯಭಾರಿ ಒಬ್ಬ ಪತ್ರಕರ್ತನಿಗಾಗಿ ಹೀಗೆ ಕೂತು ಪ್ರಶ್ನೆ ಕೇಳಿದ್ದು ನನಗೆ ಒಪ್ಪಂದಕ್ಕಿಂತ ಜಾಸ್ತಿ ಇಷ್ಟ.

1868ರಲ್ಲಿ ಟ್ವೈನ್ ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ ಒಪ್ಪಂದದ ಪರವಾಗಿ ಉದ್ದದ ಲೇಖನ ಬರೆದ, ವಿಧಿ ವಿಧಿಯಾಗಿ ಬಿಡಿಸಿ.

ಮೇಷ್ಟ್ರು_ಹಾಸನ
ನಕ್ಷೆಪ್ರಿಯ ಅವರ ಮೊದಲ ಪ್ರಶ್ನೆಗೆ ನನ್ನ ಕೊನೆಯ ಮಾತು. ಆರು ವರ್ಷ ಬೀಜಿಂಗ್‌ನಲ್ಲಿ ಇದ್ದದ್ದೇ ಅವರನ್ನು ಬದಲಿಸಿತು ಎಂದು ನಾನು ನಂಬುತ್ತೇನೆ. 1854ರ ಬಾಸ್ಟನ್‌ನಲ್ಲಿ ಐರಿಶ್ ವಲಸಿಗ ಅವರಿಗೆ ಒಂದು ಮತ, ಒಂದು ಗುಂಪು. ಬೀಜಿಂಗ್‌ನಲ್ಲಿ ವೆನ್‌ಷಿಯಾಂಗ್ ಒಬ್ಬ ಸ್ನೇಹಿತ.

ಸಮ್ನರ್ ಕಥೆಯೂ ಇದಕ್ಕೆ ಸೇರುತ್ತದೆ. 1868ರಲ್ಲಿ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿ ಈ ಒಪ್ಪಂದವನ್ನು ಬೆಂಬಲಿಸಿದ್ದು ಅದೇ ಸಮ್ನರ್, ಬ್ರೂಕ್ಸ್ ಕೈಯಲ್ಲಿ ಏಟು ತಿಂದವರು. 1870ರ ಜುಲೈನಲ್ಲಿ ಪೌರತ್ವ ಕಾನೂನಿನಿಂದ ‘ಬಿಳಿಯ’ ಅನ್ನುವ ಷರತ್ತನ್ನೇ ತೆಗೆಯಿರಿ ಎಂದು ಸೆನೆಟ್‌ನಲ್ಲಿ ಹಟ ಹಿಡಿದರು. ಸೋತರು. ಆಫ್ರಿಕಾ ಮೂಲದವರನ್ನು ಸೇರಿಸಿ ಚೀನೀಯರನ್ನು ಹೊರಗೆ ಬಿಟ್ಟರು. ಬರ್ಲಿಂಗೇಮ್ ತೀರಿಕೊಂಡು ಆಗ ಐದು ತಿಂಗಳೂ ಆಗಿರಲಿಲ್ಲ.

ಮೂರನೇಬೆಂಚು
ಸ್ನೇಹಿತ ಸಿಕ್ಕ ಮೇಲೆ ಬದಲಾದರು ಅನ್ನುವುದಾದರೆ, ಐರಿಶರ ನಡುವೆ ಸ್ನೇಹಿತ ಸಿಗಲಿಲ್ಲವಲ್ಲ ಅನ್ನುವುದೇ ನನ್ನ ದೂರು. ಅಷ್ಟು ಹತ್ತಿರದಲ್ಲೇ ಇದ್ದರು. ಪ್ಯಾರಟ್ ಪ್ರಕರಣ ಮಾತ್ರ ನಾನು ಓದುತ್ತೇನೆ, ಅದು ಬಲವಾದ ಮಾತು.

ಪ್ರಶ್ನೆಪತ್ರಿಕೆ
ವಕೀಲ, ಶಾಸಕ, ರಾಯಭಾರಿ ಮೂರೂ ಆದವರು ಆ ಶತಮಾನದಲ್ಲಿ ಬೇರೆ ಯಾರಿದ್ದಾರೆ ಸರ್?

ಕರಿಕೋಟು
ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಬಗ್ಗೆ ಓದು. ವರ್ಜೀನಿಯಾದಲ್ಲಿ 1829ರಲ್ಲಿ ಹುಟ್ಟಿದವರು. ತಂದೆ ಬಿಳಿಯ ಜಮೀನುದಾರ, ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಕರಿಯ ಎಂದು ಕಾನೂನು ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಒಬ್ಬ ವಕೀಲರ ಹತ್ತಿರ ಕಲಿತು 1854ರಲ್ಲಿ ಒಹಾಯೋದಲ್ಲಿ ಸನ್ನದು ಪಡೆದರು. ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ವಿಭಾಗ ಕಟ್ಟಿದರು. 1877ರಿಂದ ಎಂಟು ವರ್ಷ ಹೈಟಿಯಲ್ಲಿ ರಾಯಭಾರಿ. 1888ರ ಚುನಾವಣೆಯ ಫಲಿತಾಂಶದ ಮೇಲೆ ತಕರಾರು ಹೂಡಿ, 1890ರಲ್ಲಿ ಗೆದ್ದು ಕಾಂಗ್ರೆಸ್ಸಿನಲ್ಲಿ ಕೂತರು.

ಪ್ರಶ್ನೆಪತ್ರಿಕೆ
ಇವರಿಗೆ ಬೇರೆ ಎಳೆಯೇ ಬೇಕು ಸರ್. ನಾಳೆ ನಾನೇ ತೆರೆಯುತ್ತೇನೆ, ನೀವು ಆ 1888ರ ತಕರಾರಿನ ವಿವರ ಬರೆಯಬೇಕು.

ಕರಿಕೋಟು
ಬರೆಯುತ್ತೇನೆ. ಶನಿವಾರ ಕೋರ್ಟು ರಜೆ.